ಮದ್ದಳೆಯ ಶ್ರುತಿಗೆ ಒಪ್ಪಿದ ಚಿಪ್

ಕಳೆದ ತಿಂಗಳು ಬ್ರಹ್ಮಾವರದ ಹತ್ತಿರ ಒಂದು ಯಕ್ಷಗಾನ ಆಟದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಮದ್ದಳೆಯ ಶ್ರುತಿ ನೋಡುವ ನನ್ನ ಡಬ್ಬಿ ಕೊನೆಗೂ ಸರಿಯಾಗಿ ಕೆಲಸ ಮಾಡಿತು. ಮದ್ದಳೆಯ ಬಲ ಮುಚ್ಚಿಗೆಗೆ ಒಂದು ಪೆಟ್ಟು, ಹಸಿರು ದೀಪ. ಮದ್ದಳೆಗಾರರು ಶ್ರುತಿಪೆಟ್ಟಿಗೆಗೆ ಕಿವಿಯಿಟ್ಟು ನೋಡಿ ತಲೆಯಾಡಿಸಿದರು. "ಎಂತ ಮಾರಾಯ, ಮೊಬೈಲಲ್ಲಿ ಆ್ಯಪ್ ಇಲ್ವಾ?" ಎಂದು ಎರಡು ವರ್ಷ ಕೇಳಿದ ಗೆಳೆಯರೂ ಅಲ್ಲೇ ಇದ್ದರು. ಆ್ಯಪ್ ಇದೆ. ಆದರೆ ಪಕ್ಕದಲ್ಲಿ ಚೆಂಡೆ ಬಾರಿಸಿದರೆ ಅದರ ಮುಳ್ಳು ಎಲ್ಲೆಲ್ಲೋ ಓಡುತ್ತದೆ.

ಶುರು ಮಾಡಿದ್ದು ಆರ್ಡುಯಿನೊ ಊನೋ ಎಂಬ ಪುಟ್ಟ ಚಿಪ್ ಬೋರ್ಡಿನಲ್ಲಿ. ಅದರ ರ‍್ಯಾಮ್ 2 ಕೆಬಿ. 16 ಬಿಟ್‌ನ 1024 ಸ್ಯಾಂಪಲ್ (ಧ್ವನಿಯ ಅಳತೆ) ಇಟ್ಟರೆ ಅಲ್ಲಿಗೇ ತುಂಬಿತು. 256ಕ್ಕೆ ಇಳಿಸಿದೆ. ಸೆಕೆಂಡಿಗೆ 8000 ಸ್ಯಾಂಪಲ್ ತಗೊಂಡರೆ ಒಂದು ಬಿನ್, ಅಂದರೆ ಕಂಪನಗಳನ್ನು ವಿಂಗಡಿಸುವ ಒಂದು ಖಾನೆ, 31 ಹರ್ಟ್ಜ್. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದು ಶ್ರುತಿ 277 ಹರ್ಟ್ಜ್, ಬಿಳಿ ಎರಡು 294. ಎರಡೂ ಒಂದೇ ಆಗಿ ಕಂಡವು.

ಆಮೇಲೆ ಬ್ಲೂ ಪಿಲ್ ಎಂಬ ಬೋರ್ಡು. 72 ಮೆಗಾಹರ್ಟ್ಜ್ ನೋಡಿ ಮೂರು ತಂದೆ, ಒಂದು ನಕಲಿ ಚಿಪ್. ದಶಮಾಂಶದ ಲೆಕ್ಕ ಮಾಡುವ ಹಾರ್ಡ್‌ವೇರ್ (ಎಫ್‌ಪಿಯು) ಇಲ್ಲ, ಹಾಗಾಗಿ ಭಿನ್ನರಾಶಿಯನ್ನು 16 ಬಿಟ್ ಪೂರ್ಣಾಂಕದಲ್ಲಿ ಇಡುವ ಕ್ಯೂ15ರಲ್ಲಿ ಬರೆದೆ. ವೇಗ ಬಂತು. ಆದರೆ ಮದ್ದಳೆಯ ಪೆಟ್ಟು ಜೋರಾಗಿ ಎದ್ದು ಬೇಗ ಇಳಿಯುತ್ತದೆ. ಆ ಜೋರು ಪೆಟ್ಟಿನ ಅಳತೆಗೆ ಸ್ಕೇಲ್ ಹೊಂದಿಸಿದರೆ ಹಿಂದೆ ಉಳಿಯುವ ನಾದ ಕೊನೆಯ ಬಿಟ್‌ಗಳಲ್ಲಿ ಮುಳುಗುತ್ತಿತ್ತು. ನಾಲ್ಕು ವಾರ ಹೋಯಿತು.

ಮೂರನೆಯದು ಬ್ಲ್ಯಾಕ್ ಪಿಲ್, ಎಫ್411. 100 ಮೆಗಾಹರ್ಟ್ಜ್, 128 ಕೆಬಿ ರ‍್ಯಾಮ್, ಎಫ್‌ಪಿಯು ಇದೆ, ಆಗ ಸುಮಾರು 450 ರೂಪಾಯಿಗೆ ಸಿಕ್ಕಿತು. 2048 ಪಾಯಿಂಟಿನ ಎಫ್‌ಎಫ್‌ಟಿಗೆ (ಧ್ವನಿಯನ್ನು ಬಿನ್‌ಗಳಾಗಿ ವಿಂಗಡಿಸುವ ಲೆಕ್ಕ) ಅರ್ಧ ಸೆಕೆಂಡ್ ಹಿಡಿಯಿತು! "ಸುಮ್ನೆ ಇಎಸ್‌ಪಿ32 ತಗೋ, 240 ಮೆಗಾಹರ್ಟ್ಜ್" ಎಂದರು ಎಲ್ಲರೂ. ತಂದೆ. ಅದರಲ್ಲೂ ನಿಧಾನ. ಆಗ ಗೊತ್ತಾಯಿತು, ತಪ್ಪು ನನ್ನ ಕೋಡಿನದು. ಲೂಪಿನೊಳಗೆ 2.0 ಎಂದು ಬರೆದಿದ್ದೆ, ಸೈನ್‌ಎಫ್ ಬದಲು ಸೈನ್ ಕರೆದಿದ್ದೆ; ಹಾಗೆ ಮಾಡಿದರೆ ಲೆಕ್ಕ 64 ಬಿಟ್‌ನ ಡಬಲ್‌ಗೆ ಹೋಗುತ್ತದೆ. ಈ ಎರಡೂ ಚಿಪ್‌ಗಳ ಎಫ್‌ಪಿಯು ಸಿಂಗಲ್ ಪ್ರಿಸಿಷನ್‌ಗೆ, ಅಂದರೆ 32 ಬಿಟ್‌ನ ಫ್ಲೋಟ್‌ಗೆ ಮಾತ್ರ. ಡಬಲ್ ಬಂದರೆ ಲೆಕ್ಕವೆಲ್ಲ ಸಾಫ್ಟ್‌ವೇರಿನಲ್ಲೇ. ಊನೋದಲ್ಲಿ ಡಬಲ್ ಅಂದರೂ ಫ್ಲೋಟೇ, ಅದಕ್ಕೇ ಈ ಅಭ್ಯಾಸ ಅಲ್ಲಿ ತೊಂದರೆ ಕೊಟ್ಟಿರಲಿಲ್ಲ. ಎಲ್ಲ ಕಡೆ ಎಫ್ ಸೇರಿಸಿ, ಎಫ್‌ಎಫ್‌ಟಿಯನ್ನು ಆರ್ಮ್ ಚಿಪ್‌ಗಳ ಸಿದ್ಧ ಲೈಬ್ರರಿ ಸಿಎಂಸಿಸ್‌ಗೆ ಬಿಟ್ಟೆ. ಎರಡು ಮಿಲಿಸೆಕೆಂಡ್ ಆಸುಪಾಸಿಗೆ ಇಳಿಯಿತು. ಅತಿ ಎತ್ತರದ ಬಿನ್ನಿನ ಜೊತೆ ಅಕ್ಕಪಕ್ಕದ ಬಿನ್ ಹಿಡಿದು ಪ್ಯಾರಾಬೋಲ ಎಳೆದರೆ ಶ್ರುತಿ ಒಂದು ಹರ್ಟ್ಜ್ ಒಳಗೇ ಸಿಗುತ್ತದೆ. ಇಎಸ್‌ಪಿ32ರಲ್ಲೂ ಈ ಲೆಕ್ಕ ಓಡುತ್ತದೆ, ಆದರೆ ನನಗೆ ವೈಫೈ ಬೇಕಿರಲಿಲ್ಲ.

ಡಬಲ್ ನಿಜವಾಗಿ ಬೇಕಾದದ್ದು ಇನ್ನೊಂದು ಕಡೆ. ಮಲ್ಪೆಯ ಗೆಳೆಯನ ದೋಣಿಗೆ ಜಿಪಿಎಸ್ ದೂರ ತೋರಿಸಲು ಹೋದೆ. ನಮ್ಮ ರೇಖಾಂಶ 74 ಡಿಗ್ರಿ ಚಿಲ್ಲರೆ. ಫ್ಲೋಟ್‌ನಲ್ಲಿ ಅದು ಸುಮಾರು 80 ಸೆಂಟಿಮೀಟರಿನ ಹೆಜ್ಜೆಯಲ್ಲಿ ಜಿಗಿಯುತ್ತದೆ. ಆದರೆ ಲೆಕ್ಕ ಸೆಕೆಂಡಿಗೆ ಒಂದೇ ಸಲ, ಸಾಫ್ಟ್‌ವೇರ್ ಡಬಲ್ ಧಾರಾಳ ಸಾಕು. ಟೀನ್ಸಿ 4.0 ಎಂಬ ಬೋರ್ಡಿನಲ್ಲಿ ಡಬಲ್‌ಗೂ ಹಾರ್ಡ್‌ವೇರ್ ಇದೆ, ಆದರೆ ಇಷ್ಟಕ್ಕೆ ಅಷ್ಟು ದುಡ್ಡು ಯಾಕೆ?

ಎಲ್ಲ ಸೇರಿ ಮೂರು ಸಾವಿರದ ಮೇಲೆ ಹೋಗಿದೆ. ಡಬ್ಬಿಯಲ್ಲಿ ಈಗ ಇರುವುದು ಸಾವಿರಕ್ಕಿಂತ ಕಡಿಮೆಯ ಸಾಮಾನು: ಬೋರ್ಡು, ಐಎನ್‌ಎಂಪಿ441 ಮೈಕ್, ಏಳು ಎಲ್‌ಇಡಿ, ಬ್ಯಾಟರಿ. ಮೈಕನ್ನು ಎಲ್ಲಿ ಕೂರಿಸಿದೆ, ಪೆಟ್ಟಿನ ನಂತರ ಎಷ್ಟು ಮಿಲಿಸೆಕೆಂಡ್ ಬಿಟ್ಟು ಕೇಳುತ್ತೇನೆ, ಆ ಎರಡು ನನ್ನ ಹತ್ತಿರವೇ ಇರಲಿ. ಮದ್ದಳೆಗಾರರು ಇನ್ನೆರಡು ಡಬ್ಬಿ ಕೇಳಿದ್ದಾರೆ. ಮೈಕ್ ಬರುವುದನ್ನು ಕಾಯುತ್ತಿದ್ದೇನೆ.