ಯಾವ ಊರಿನ ಚೆನ್ನಕೇಶವ? ಕಾಮನ್ಸ್‌ನಲ್ಲಿ ಚಿತ್ರಗಳಿಗೆ ಹೆಸರಿಡುವ ಬಗೆ

ದೇವಸ್ಥಾನಗಳ ಫೋಟೊ ತೆಗೆದು, ಎಲ್ಲರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸುವವರಿದ್ದಾರೆ; ಒಳ್ಳೆಯದೇ. ಆದರೆ ‘ಚೆನ್ನಕೇಶವ ದೇವಾಲಯ 17’ ಎಂದು ಹೆಸರಿಟ್ಟರೆ ಹುಡುಕುವವನಿಗೆ ಏನು ತಿಳಿಯಬೇಕು? ಚೆನ್ನಕೇಶವ ಬೇಲೂರಿನಲ್ಲಿದ್ದಾನೆ, ಸೋಮನಾಥಪುರದಲ್ಲಿದ್ದಾನೆ, ಅರಳಗುಪ್ಪೆಯಲ್ಲೂ ಇದ್ದಾನೆ. ವಿರೂಪಾಕ್ಷನೆಂದರೆ ಹಂಪಿಯವನೋ ಪಟ್ಟದಕಲ್ಲಿನವನೋ?

ಮೊದಲ ಕೆಲಸ, ಚಿತ್ರ ಸೇರಿಸುವ ಮುಂಚೆಯೇ, ಒಟ್ಟಿಗೆ ಫೋಟೊ ತೆಗೆಯುವ ಗುಂಪಿನವರೆಲ್ಲ ಹೆಸರಿಡುವ ಒಂದು ಕ್ರಮಕ್ಕೆ ಒಪ್ಪುವುದು. ದಿನಾಂಕ, ಪರವಾನಗಿ ತುಂಬುವುದು ಎರಡು ನಿಮಿಷದ ಮಾತು.

ಕಡತದ ಹೆಸರಿಗೆ ನಾನು ಹೇಳುವ ಕ್ರಮ: ಶಿಲ್ಪ, ಇರುವ ಜಾಗ, ಕಟ್ಟಡ, ಊರು. ‘ನರಸಿಂಹ, ದಕ್ಷಿಣ ಗೋಡೆ, ಹೊಯ್ಸಳೇಶ್ವರ ದೇವಾಲಯ, ಹಳೇಬೀಡು’ ಎಂಬಂತೆ. ಜಿಲ್ಲೆ ಬೇಡ. ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಂಥದ್ದೆಲ್ಲ ವಿವರಣೆಯಲ್ಲಿರಲಿ, ಅಲ್ಲಿ ಯಾರು ಬೇಕಾದರೂ ತಿದ್ದಬಹುದು. ಕಡತದ ಹೆಸರು ತಿದ್ದಲು ಅಧಿಕಾರವುಳ್ಳ ಸದಸ್ಯರಿಗೆ ಮನವಿ ಹಾಕಬೇಕು. ಹೆಸರಿಗೆ 240 ಬೈಟ್‌ಗಳ ಮಿತಿಯೂ ಇದೆ. ಕನ್ನಡದ ಒಂದೊಂದು ಸಂಕೇತ 3 ಬೈಟ್ ತಿನ್ನುತ್ತದೆ. ಗುಣಿತದ ಚಿಹ್ನೆ, ಒತ್ತು ಕೂಡ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ. ‘ಸುಪ್ರಸಿದ್ಧ’, ‘ಮನಮೋಹಕ’ಗಳಿಗೆ ಜಾಗವೆಲ್ಲಿದೆ?

ಜನ ಎಡವುವುದು ಶಿಲ್ಪವನ್ನು ಗುರುತಿಸುವಲ್ಲಿ. ‘ಎಡಗಡೆಯ ಮೂರ್ತಿ’ ಎಂದು ಬರೆದರೆ ಯಾರ ಎಡ? ಗೋಡೆಗಳಿಗೆ ಪೂರ್ವ, ಪಶ್ಚಿಮ ಎಂದು ದಿಕ್ಕನ್ನೇ ಹೇಳಿ. ಮೂರ್ತಿಯ ಕೈಗಳಿಗೆ ಮಾತ್ರ ಮೂರ್ತಿಯದೇ ಬಲ, ಮೂರ್ತಿಯದೇ ಎಡ, ನೋಡುವವರದಲ್ಲ. ಇದು ಹಟವಲ್ಲ. ವಿಷ್ಣುವಿನ 24 ರೂಪಗಳನ್ನು ಬೇರ್ಪಡಿಸುವುದೇ ಶಂಖ, ಚಕ್ರ, ಗದೆ, ಪದ್ಮಗಳಲ್ಲಿ ಯಾವುದು ಯಾವ ಕೈಯಲ್ಲಿದೆ ಎಂಬುದು. ಮೇಲಿನ ಬಲಗೈಯಲ್ಲಿ ಶಂಖ, ಮೇಲಿನ ಎಡಗೈಯಲ್ಲಿ ಚಕ್ರ, ಕೆಳಗಿನ ಎಡಗೈಯಲ್ಲಿ ಗದೆ, ಕೆಳಗಿನ ಬಲಗೈಯಲ್ಲಿ ಪದ್ಮವಿದ್ದರೆ ಕೇಶವ. ಅಂದವಾಗಿ ಕಾಣಲೆಂದು ಮೊಬೈಲಿನಲ್ಲಿ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದಿರೋ, ಕೇಶವ ಬೇರೊಬ್ಬನಾಗಿಬಿಡುತ್ತಾನೆ. ಕೈಗಳು ಮುರಿದಿದ್ದರೆ ‘ಚತುರ್ಭುಜ ವಿಷ್ಣು’ ಎಂದಷ್ಟೇ ಬರೆದು ನಿಲ್ಲಿಸಿ. ಗೈಡ್ ಹೇಳಿದ ಹೆಸರನ್ನು ಹಾಕಲೇಬೇಕೆನಿಸಿದರೆ ‘ಸ್ಥಳೀಯರು ಹೀಗೆನ್ನುತ್ತಾರೆ’ ಎಂದು ವಿವರಣೆಯಲ್ಲಿ ಸೇರಿಸಿ. ಮೊಬೈಲೇ ಊಹಿಸಿ ಕೊಡುವ ಹೆಸರನ್ನಂತೂ ಮುಟ್ಟಬೇಡಿ.

ಇನ್ನು ವರ್ಗ, ಅಂದರೆ ಒಂದೇ ವಿಷಯದ ಚಿತ್ರಗಳನ್ನು ಒಟ್ಟಿಗೆ ತೋರಿಸುವ ಗುಂಪು. ಕಾಮನ್ಸ್‌ನಲ್ಲಿ ವರ್ಗಗಳ ಹೆಸರು ಬಹುಪಾಲು ಇಂಗ್ಲಿಷಿನಲ್ಲಿವೆ. ಹೊಸದು ಹುಟ್ಟಿಸುವ ಮೊದಲು ಇರುವುದನ್ನು ಬೇರೆ ಬೇರೆ ಸ್ಪೆಲಿಂಗಿನಲ್ಲಿ ಹುಡುಕಿ. ಬೇಲೂರೆಂದು ಹುಡುಕಿದರೆ ಪಶ್ಚಿಮ ಬಂಗಾಳದ ಬೇಲೂರು ಮಠವೂ ಎದುರಾಗುತ್ತದೆ, ಹುಷಾರು. ಚಿತ್ರಕ್ಕೆ ಒಪ್ಪುವ ಅತ್ಯಂತ ಕಿರಿದಾದ ವರ್ಗಕ್ಕೆ ಹಾಕಿ. ದೇವಸ್ಥಾನದ ವರ್ಗದಲ್ಲಿದ್ದ ಮೇಲೆ ಅದರ ಮೇಲಿನ ‘ಕರ್ನಾಟಕದ ಹಿಂದೂ ದೇವಾಲಯಗಳು’ ವರ್ಗಕ್ಕೂ ಅದೇ ಚಿತ್ರವನ್ನು ತುರುಕಬೇಡಿ. ಹೆಚ್ಚು ಕಡೆ ಹಾಕಿದರೆ ಹೆಚ್ಚು ಜನ ನೋಡುತ್ತಾರೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾರೋ ಬಂದು ತೆಗೆದುಹಾಕುತ್ತಾರೆ.

ಹಲವು ಚಿತ್ರಗಳನ್ನು ಒಟ್ಟಿಗೆ ಸೇರಿಸುವಾಗ ಒಂದರ ವಿವರಗಳನ್ನು ಉಳಿದೆಲ್ಲಕ್ಕೂ ನಕಲು ಮಾಡುವ ಸೌಲಭ್ಯ ಕಾಮನ್ಸ್‌ನಲ್ಲೇ ಇದೆ. ಊರು, ದಿನಾಂಕ, ವರ್ಗಕ್ಕೆ ಬಳಸಿ. ಶೀರ್ಷಿಕೆಗೆ, ಅಂದರೆ ಕಡತದ ಹೆಸರಿಗೆ, ಬಳಸಿದರೆ ಮತ್ತೆ ಅದೇ ‘17’, ‘18’ರ ಮೆರವಣಿಗೆ. ಫೋಟೊದ ಮೂಲೆಯಲ್ಲಿ ನಿಮ್ಮ ಹೆಸರು ಅಚ್ಚೊತ್ತುವ ಆ್ಯಪ್‌ಗಳನ್ನು ಈಗಲೇ ಅಳಿಸಿ.

ಹಳೆಯ ಚಿತ್ರಗಳ ಹೆಸರನ್ನೆಲ್ಲ ಬದಲಿಸಲು ಹೊರಡಬೇಡಿ. ಹೊಸ ಹೆಸರು ಸ್ವಲ್ಪ ಚೆನ್ನಾಗಿದೆ ಎಂಬುದಷ್ಟೇ ಕಾರಣವಾದರೆ ಮನವಿ ತಿರಸ್ಕೃತವಾಗುತ್ತದೆ. ಊರು ತಪ್ಪಿದೆ, ದೇವರು ತಪ್ಪಿದ್ದಾನೆ ಎಂದರೆ ಒಪ್ಪುತ್ತಾರೆ.