ಡ್ಯಾಶ್‌ಬೋರ್ಡಿನ ಡಬ್ಬಿಗೆ ನಾನು ಕನೆಕ್ಟರ್ ಆರಿಸಿದ್ದು

ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಕೈಕೊಟ್ಟಿತು ಅಂತಲೇ ಅಂದುಕೊಂಡಿದ್ದೆ. ಎಂಜಿನ್ ಓಡುತ್ತಿದೆ, ಆದರೂ ಡ್ಯಾಶ್‌ಬೋರ್ಡ್ ಮೇಲಿನ ಡಬ್ಬಿ 14ರ ಸುಮಾರು ತೋರಿಸುವ ಬದಲು 12.8 ವೋಲ್ಟ್ ತೋರಿಸುತ್ತಿದೆ. ಗುಂಡಿ ಸಿಕ್ಕರೆ ಅಂಕಿಗಳೇ ಮಾಯ. ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಟ್ಟರೆ 14.1! ಆಲ್ಟರ್ನೇಟರ್ ಸರಿಯಾಗೇ ಇತ್ತು. ಉಳಿದ ವೋಲ್ಟೇಜೆಲ್ಲ ಗಾಡಿಯ ವೈರನ್ನು ಡಬ್ಬಿಗೆ ಜೋಡಿಸುವ ಕನೆಕ್ಟರ್‌ನಲ್ಲಿ ಸೋರಿಹೋಗುತ್ತಿತ್ತು.

ಆ ಡಬ್ಬಿ ನಾನೇ ಮಾಡಿದ್ದು. ಬ್ಯಾಟರಿ ವೋಲ್ಟೇಜ್ ಮತ್ತು ಎಸಿಯಿಂದ ಬರುವ ಗಾಳಿಯ ತಾಪ, ಎರಡನ್ನೂ ತೋರಿಸುತ್ತದೆ. ನಮ್ಮ ಹಳೇ ಗಾಡಿಗೆ ಅಷ್ಟು ಬೇಕಿತ್ತು. ಬೆಳಿಗ್ಗೆ ಮುಂಬೈ ಪಕ್ಕದ ಡೊಂಬಿವಲಿ ಸ್ಟೇಷನ್ ಹತ್ತಿರ ರಸ್ತೆ ಬದಿ ಗಾಡಿ ನಿಲ್ಲಿಸಿ ಲೋಕಲ್ ಹಿಡಿಯುತ್ತೇನೆ. ಡಬ್ಬಿ ಹಾಗೇ ಬಿಟ್ಟರೆ ಗಾಜು ಒಡೆಯಲು ಕರೆದ ಹಾಗೆ. ಬಿಸಿಲಿಗೆ ಡಿಸ್‌ಪ್ಲೇ ಕೂಡ ಹಾಳು. ಹಾಗಾಗಿ ದಿನಾ ತೆಗೆದು ಬ್ಯಾಗಿಗೆ ಹಾಕಿಕೊಳ್ಳಬೇಕು.

ಮೊದಲು ಹಾಕಿದ್ದು ಕಂಪ್ಯೂಟರ್ ಒಳಗೆ ಇರುತ್ತದಲ್ಲ, ಆ ಬಿಳಿ ಪ್ಲಾಸ್ಟಿಕ್ಕಿನ ಕನೆಕ್ಟರ್. ಒಂದು ಪಿನ್ನಿಗೆ ಹಲವು ಆಂಪಿಯರ್ ತಾಳುತ್ತದೆ. ನನ್ನ ಡಬ್ಬಿಗೆ ಬೇಕಾದದ್ದು 0.2 ಆಂಪಿಯರ್. ಧಾರಾಳವಾಯಿತು ಅಂತ ನೆಮ್ಮದಿಯಾಗಿದ್ದೆ. ನಮ್ಮ ಬೀದಿಯ ಗ್ಯಾರೇಜಿನಲ್ಲಿ ಬೆಳಗಾವಿ ಕಡೆಯ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾರೆ. ಕೈಯಲ್ಲಿ ಹಿಡಿದು ನೋಡಿ ಒಂದೇ ಮಾತು ಕೇಳಿದರು: "ಆಂಪಿಯರ್ ಆಮ್ಯಾಲೆ ನೋಡೋಣ್ರಿ ಸರ. ದಿನಕ್ಕ ಎಷ್ಟ ಸಲ ಕೀಳ್ತೀರಿ, ಅದನ್ನ ಹೇಳ್ರಿ."

ಎರಡು ಸಲ. ತಿಂಗಳಿಗೆ ಐವತ್ತಕ್ಕೂ ಜಾಸ್ತಿ. ಆ ಜಾತಿಯ ಎಷ್ಟೋ ಕನೆಕ್ಟರ್‌ಗಳನ್ನು ಸುಮಾರು 30 ಸಲ ಹಾಕಿ ತೆಗೆಯುವ ಲೆಕ್ಕದಲ್ಲೇ ಮಾಡಿರುತ್ತಾರೆ. ಒಮ್ಮೆ ಸೇರಿಸಿ ಮುಚ್ಚಿಡುವ ಜಾಗಕ್ಕೆ ಅವು ಒಳ್ಳೆಯವೇ. ನಾನು ಒಂದು ತಿಂಗಳಲ್ಲೇ ಆ ಲೆಕ್ಕ ದಾಟಿದ್ದೆ. ಒಳಗಿನ ತಗಡಿನ ಹಿಡಿತ ಸಡಿಲವಾಗಿ ರೆಸಿಸ್ಟೆನ್ಸ್ ಏರಿತ್ತು. ಜೊತೆಗೆ ನಮ್ಮ ಕಡೆಯ ತೇವದ ಗಾಳಿ ಬೇರೆ.

ಇನ್ನೊಂದು ತಪ್ಪೂ ಆಗಿತ್ತು. ಪಿನ್ ಇರುವ ತಲೆಯನ್ನು ಗಾಡಿಯ ಕಡೆಗೆ ಹಾಕಿದ್ದೆ. ಒಂದು ಸಂಜೆ ಕೀ ಆಫ್ ಮಾಡದೆ ಡಬ್ಬಿ ಕಿತ್ತೆ. ನೇತಾಡುತ್ತಿದ್ದ ತಲೆ ಸ್ಟೀರಿಯೋದ ತಗಡಿಗೆ ತಾಗಿತು. ಟಪ್ ಅಂತ ಒಂದು ಕಿಡಿ, ಫ್ಯೂಸ್ ಹೋಯಿತು. ಕರೆಂಟ್ ಬರುವ ಕಡೆ ಯಾವತ್ತೂ ತೂತಿನ ತಲೆಯೇ ಇರಬೇಕು. ಪಿನ್ ಇರುವ ತಲೆ ಡಬ್ಬಿಗೆ. ಆ ಸಂಜೆಯಿಂದ ಇದನ್ನು ಮರೆತಿಲ್ಲ.

ಒಂದು ಶನಿವಾರ ದಾದರ್‌ನಲ್ಲಿ ಲೋಕಲ್ ಬದಲಿಸಿ ಗ್ರಾಂಟ್ ರೋಡಿಗೆ ಹೋದೆ. ಅಲ್ಲಿಂದ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡ್ ನಡೆಯುವ ದೂರ. ನನಗೆ ಐದು ವೈರ್ ಬೇಕಿತ್ತು: ಪಾಸಿಟಿವ್, ಅರ್ತಿಂಗ್, ರಾತ್ರಿ ಬೆಳಕು ತಗ್ಗಿಸಲು ಪಾರ್ಕಿಂಗ್ ಲೈಟಿನ ವೈರ್, ಮತ್ತೆ ತಾಪದ ಸೆನ್ಸರಿಗೆ ಎರಡು. ಎರಡೇ ವೈರ್ ಒಯ್ಯುವ ಅಡಾಪ್ಟರ್ ಪಿನ್ ಅಲ್ಲಿಗೇ ಬಿಟ್ಟುಹೋಯಿತು. ಹೆಡ್‌ಫೋನ್ ಜ್ಯಾಕ್ ಕರೆಂಟಿಗೆ ಬೇಡವೇ ಬೇಡ, ಒಳಗೆ ಜಾರುವಾಗ ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತದೆ.

ಯುಎಸ್‌ಬಿ ಟೈಪ್-ಸಿ ಬಗ್ಗೆ ಮಾತ್ರ ಆಸೆಯಾಗಿತ್ತು. ಹಳೇ ಚಪ್ಪಟೆ ಯುಎಸ್‌ಬಿಯ ಲೆಕ್ಕ 1,500 ಸಲ, ಟೈಪ್-ಸಿಯದು 10,000. ಆದರೂ ಬಿಟ್ಟೆ. ಗಾಡಿಯ 12 ವೋಲ್ಟನ್ನು ನೇರವಾಗಿ ಆ ಆಕಾರದೊಳಗೆ ಕೂರಿಸಿದರೆ, ನಾಳೆ ಊರಿಂದ ಬಂದ ಮಾವ ಚಾರ್ಜರ್ ಅಂತ ಸುಮ್ನೆ ಫೋನ್ ಚುಚ್ಚುತ್ತಾರೆ. ಫೋನ್ ಗತಿ ಏನು? ಜನ ಆಕಾರ ನೋಡಿ ನಂಬುತ್ತಾರೆ, ಅಲ್ವಾ? ಮನೆಯಲ್ಲಿ ಬೇರೆ ಕೆಲಸಕ್ಕೆ ಇರುವ ಆಕಾರವನ್ನು ಮುಟ್ಟಲೇಬಾರದು ಅನ್ನುವುದು ನನ್ನ ಗಟ್ಟಿ ನಿಲುವು.

ಕೊನೆಗೆ ಕೈಗೆ ಬಂದದ್ದು ಜಿಎಕ್ಸ್16, ಅಂಗಡಿಯವರು ಏವಿಯೇಷನ್ ಕನೆಕ್ಟರ್ ಅನ್ನುವಂಥದ್ದು. 16 ಮಿಲಿಮೀಟರ್ ತೂತು, ಲೋಹದ ಮೈ, ತಿರುಗಿಸುವ ಬಳೆ, ಐದು ಪಿನ್. ಸಿಕ್ಕ ಜೋಡಿಯಲ್ಲಿ ಡಬ್ಬಿಗೆ ಕೂರುವ ಸಾಕೆಟ್ಟಿನಲ್ಲಿ ಪಿನ್, ಕೇಬಲ್ಲಿನ ತಲೆಯಲ್ಲಿ ತೂತು. ನನಗೆ ಬೇಕಾದದ್ದೂ ಅದೇ. ಕೌಂಟರ್ ಮುಂದೆ ಕಣ್ಣು ಮುಚ್ಚಿ ಹತ್ತು ಸಲ ಹಾಕಿ ತೆಗೆದೆ. ಗಾಡಿಯಲ್ಲಿ ಇದನ್ನು ಕತ್ತಲಲ್ಲಿ, ಮಳೆಯಲ್ಲಿ, ಇನ್ನೊಂದು ಕೈಯಲ್ಲಿ ಛತ್ರಿ ಹಿಡಿದು ಮಾಡಬೇಕು. ಪ್ಲಗ್ ಒಂದೇ ದಿಕ್ಕಿನಲ್ಲಿ ಕೂರುವಂತೆ ಅದರೊಳಗೆ ಒಂದು ಕಚ್ಚು ಇರುತ್ತದೆ, ಅದನ್ನು ಹುಡುಕುವುದೇ ಕಷ್ಟವಾಯಿತು. ಮನೆಗೆ ಬಂದು ಆ ಕಚ್ಚಿನ ನೇರಕ್ಕೆ, ಪ್ಲಗ್ಗಿನ ಹೊರಗೆ ಒಂದು ಹನಿ ಎಪಾಕ್ಸಿ ಅಂಟು ಇಟ್ಟೆ. ಒಣಗಿದ ಮೇಲೆ ಹೆಬ್ಬೆರಳಿಗೆ ಸಣ್ಣ ಗುಳ್ಳೆಯ ಹಾಗೆ ತಾಗುತ್ತದೆ. ಈಗ ನನ್ನ ಹೆಂಡತಿ ಕೂಡ ನೋಡದೆಯೇ ಹಾಕುತ್ತಾಳೆ.

ಬೆಸುಗೆ ಹಾಕುವ ಮುಂಚೆ ಬಳೆ, ಕವಚ, ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಶ್ರಿಂಕ್ ಸ್ಲೀವ್ ಎಲ್ಲವನ್ನೂ ಕೇಬಲ್ಲಿಗೆ ಪೋಣಿಸಿಕೊಳ್ಳಿ. ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಬಿರುಸಾಗುತ್ತದೆ. ಗಾಡಿಯ ನಡುಕಕ್ಕೆ ತುಂಡಾಗುವುದೂ ಅಲ್ಲೇ. ಅದಕ್ಕೇ ಪ್ಲಗ್ಗಿನ ಹಿಂದೆ ಎರಡು ಸ್ಕ್ರೂ ಇರುವ ಹಿಡಿಕೆ ಇರುತ್ತದೆ, ಎಳೆತವೆಲ್ಲ ಅದರ ಮೇಲೆ ಬೀಳಬೇಕು. ನನ್ನ ಕೇಬಲ್ ತೆಳ್ಳಗಿತ್ತು, ಹಿಡಿಕೆ ಕಚ್ಚುತ್ತಿರಲಿಲ್ಲ. ಸ್ಲೀವ್ ಮೂರು ಪದರ ಸುತ್ತಿ ದಪ್ಪ ಮಾಡಿದೆ. ಲೋಹದ ತಲೆ ಪ್ಲಾಸ್ಟಿಕ್ಕಿಗೆ ಬಡಿದು ಸದ್ದು ಮಾಡದಂತೆ ಬಟ್ಟೆ ಟೇಪ್ ಸುತ್ತಿದೆ, ತೆಗೆದ ಮೇಲೆ ಸಿಕ್ಕಿಸಲು ಒಂದು ಕ್ಲಿಪ್ ಅಂಟಿಸಿದೆ.

ಕರೆಂಟನ್ನು ಕೀ ತಿರುಗಿಸಿದರಷ್ಟೇ ಬರುವ ಲೈನಿನಿಂದ, ಇರುವ ಫ್ಯೂಸಿನ ಜಾಗದಿಂದಲೇ ಹೊಸ ಲೈನ್ ತೆಗೆಯುವ ಫ್ಯೂಸ್ ಟ್ಯಾಪ್ ಹಾಕಿ, 2 ಆಂಪಿಯರ್ ಫ್ಯೂಸಿನ ಮೂಲಕ ತಂದೆ. ಈ ಫ್ಯೂಸ್ ನನ್ನ ಡಬ್ಬಿಯೊಳಗೆ ಇದ್ದರೆ ಉಪಯೋಗವಿಲ್ಲ, ಕೇಬಲ್ ಶುರುವಾಗುವ ಕಡೆಯೇ ಇರಬೇಕು. ಮತ್ತೆ, ಡಬ್ಬಿಯಾಗಲಿ ಕೇಬಲ್ಲಾಗಲಿ ಏರ್‌ಬ್ಯಾಗ್ ತೆರೆಯುವ ಜಾಗದ ಮೇಲೆ ಬರಲೇಬಾರದು. ಲೋಹದ ತಲೆ ಮುಖಕ್ಕೆ ಹಾರಿ ಬಂದರೆ ಏನಾಗುತ್ತದೆ, ಯೋಚಿಸಿ.

ಬಳೆ ತಿರುಗಿಸಲು ನಾಲ್ಕೈದು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಅದೊಂದು ಕೊರತೆ ನಿಜ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬ್ರಷ್‌ನಿಂದ ಪಿನ್‌ಗಳನ್ನು ಉಜ್ಜಿ ಮಲ್ಟಿಮೀಟರ್ ಹಿಡಿಯುತ್ತೇನೆ. ಈ ಸಲ ಬ್ಯಾಟರಿ ಮೇಲೆ 14.1 ಇತ್ತು, ಡಬ್ಬಿಯಲ್ಲಿ 14.0.