ಅಮೆರಿಕದ ಕಮ್ಯುನಿಟಿ ಟೆಕ್ ಸೆಂಟರ್‌ಗಳು: ಯಾರಿಗೆ, ಹೇಗೆ ಸೇರುವುದು, ನಾವೇನು ಮಾಡಬಹುದು

ಮಕ್ಕಳಿಗೆ ಕಂಪ್ಯೂಟರ್ ಕಲಿಸಬೇಕು ಅಂದ ತಕ್ಷಣ ಅಮೆರಿಕದಲ್ಲಿರುವ ನಮ್ಮವರು ದುಡ್ಡು ಕಟ್ಟಿ ಸೇರಿಸುವ ಕ್ಲಾಸ್‌ಗಳನ್ನೇ ಹುಡುಕುತ್ತಾರೆ. ಅದೇ ಊರಿನ ಪಬ್ಲಿಕ್ ಲೈಬ್ರರಿಯಲ್ಲೋ, ಶಾಲೆ ಬಿಟ್ಟ ಮೇಲೆ ಮಕ್ಕಳು ಸೇರುವ ಬಾಯ್ಸ್ ಅಂಡ್ ಗರ್ಲ್ಸ್ ಕ್ಲಬ್‌ನಲ್ಲೋ ಬಿಟ್ಟಿಯಾಗಿ, ಇಲ್ಲವೇ ತೀರಾ ಕಡಿಮೆ ಫೀಸಿಗೆ ಕಲಿಯುವ ಜಾಗ ಇರಬಹುದು ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರೂ "ಅದು ಕೈಲಾಗದವರ ಮಕ್ಕಳಿಗೆ, ನಮಗಲ್ಲ" ಅಂತ ಸುಮ್ನೆ ಇದ್ದುಬಿಡುತ್ತಾರೆ. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಯಾಕೆಂದರೆ ನಮ್ಮಲ್ಲೂ ಒಂದೇ ಸಂಬಳದಲ್ಲಿ ಬಾಡಿಗೆ ಕಟ್ಟಿ ತಿಂಗಳು ನೂಕುವ ಮನೆಗಳಿವೆ. ಓದಲು ಬಂದು ಸಂಸಾರ ಹೂಡಿದವರಿದ್ದಾರೆ. ಕೆಲಸ ಹೋಗಿ ಮುಂದಿನ ದಾರಿ ಕಾಯುತ್ತಿರುವವರಿದ್ದಾರೆ.

ಮೊದಲು ಕಮ್ಯುನಿಟಿ ಟೆಕ್ ಸೆಂಟರ್ ಅನ್ನುವ ಈ ಕೇಂದ್ರಗಳು ಎಲ್ಲಿಂದ ಬಂದವು ಅನ್ನೋದನ್ನು ತಿಳಿಯೋಣ. ಅಂಟೋನಿಯಾ ಸ್ಟೋನ್ ಅನ್ನುವ ಗಣಿತದ ಮೇಡಂ 1983ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಸರ್ಕಾರಿ ವಸತಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಯಾರು ಬೇಕಾದರೂ ಬಂದು ಕೂತು ಕಲಿಯಬಹುದಾದ ಕಂಪ್ಯೂಟರ್ ಕೇಂದ್ರ ತೆರೆದರು. ಮನೆಯಲ್ಲಿ ಕಂಪ್ಯೂಟರ್ ಇರುವ ಮಕ್ಕಳು ಮುಂದೆ ಹೋಗುತ್ತಾರೆ, ಇಲ್ಲದವರು ಹಿಂದೆ ಉಳಿಯುತ್ತಾರೆ ಅನ್ನೋದು ಅವರಿಗೆ ಆಗಲೇ ಕಂಡಿತ್ತು.

ಬಾಸ್ಟನ್‌ನ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿನ ಕಂಪ್ಯೂಟರ್ ಮ್ಯೂಸಿಯಂನಲ್ಲಿ ರಜೆಯ ಹೊತ್ತಲ್ಲಿ ಲೆಗೋ ಇಟ್ಟಿಗೆಗಳನ್ನು ಕಂಪ್ಯೂಟರಿಗೆ ಜೋಡಿಸಿ ಆಡುವ ಕಾರ್ಯಾಗಾರ ನಡೆಯಿತು. ಅಕ್ಕಪಕ್ಕದ ಮಕ್ಕಳು ಬಂದರು, ಮರುದಿನವೂ ಬಂದರು. ಕಾರ್ಯಾಗಾರ ಮುಗಿದ ಮೇಲೂ ಬಂದು ಕೇಳಿದರು. ಅವರಿಗೆ ಕೊಡಲು ಏನೂ ಉಳಿದಿರಲಿಲ್ಲ. ಸ್ವಲ್ಪ ದಿನಕ್ಕೆ ಮ್ಯೂಸಿಯಂ ಸಿಬ್ಬಂದಿಗೆ ಎಚ್ಚರಿಕೆಯ ಸೂಚನೆ ಹೋಯಿತು: ಕೆಲವು ಮಕ್ಕಳು ಕದ್ದು ಒಳಗೆ ನುಗ್ಗುತ್ತಿದ್ದಾರೆ, ನೋಡಿಕೊಳ್ಳಿ. ನೋಡಿದರೆ ಅದೇ ಮಕ್ಕಳು. ಕಲಿಯಲು ಜಾಗ ಹುಡುಕಿ ಬಂದವರನ್ನು ಕಳ್ಳರ ಹಾಗೆ ನೋಡಬೇಕಾಗಿ ಬಂದಿದ್ದು ಅಲ್ಲಿದ್ದ ನಟಾಲಿ ರಸ್ಕ್ ಅವರ ಮನಸ್ಸಿಗೆ ನಾಟಿತು. ಅವರೂ ಎಂಐಟಿಯ ಮಿಚೆಲ್ ರೆಸ್ನಿಕ್ ಅವರೂ ಸೇರಿ 1993ರಲ್ಲಿ ಕಂಪ್ಯೂಟರ್ ಕ್ಲಬ್‌ಹೌಸ್ ಶುರುಮಾಡಿದರು. ಇವತ್ತು ಅದು ಹಲವು ದೇಶಗಳಲ್ಲಿ ಹರಡಿದೆ. ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡಲು ಮಕ್ಕಳು ಬಳಸುವ ಸ್ಕ್ರ್ಯಾಚ್ ಇದೆಯಲ್ಲ, 2007ರಲ್ಲಿ ಎಲ್ಲರಿಗೂ ಸಿಕ್ಕಿದ್ದು, ಅದನ್ನು ರೂಪಿಸುವಾಗಲೂ ಇಂಥ ಕ್ಲಬ್‌ಹೌಸ್‌ಗಳ ಅನುಭವವೇ ಬೆನ್ನಿಗಿತ್ತು.

ಇಂಥ ಕೇಂದ್ರಗಳಲ್ಲಿ ಸಿಲೆಬಸ್, ಪರೀಕ್ಷೆ, ರ‍್ಯಾಂಕ್ ಯಾವುದೂ ಇಲ್ಲ. ನಮ್ಮ ಅಪ್ಪ ಅಮ್ಮಂದಿರಿಗೆ ಮೊದಲು ಕಸಿವಿಸಿ ಆಗುವುದು ಇಲ್ಲೇ. ಶಾಲೆ ಬಿಟ್ಟ ಮೇಲೆ ಮಗು ಬರುತ್ತದೆ, ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ಒಬ್ಬರು ಹಾಡು ರೆಕಾರ್ಡ್ ಮಾಡುತ್ತಿರುತ್ತಾರೆ, ಇನ್ನೊಬ್ಬರು 3ಡಿ ಪ್ರಿಂಟರ್ ಮುಂದೆ ಕೂತಿರುತ್ತಾರೆ, ಮತ್ತೊಬ್ಬರು ವಿಡಿಯೋ ಎಡಿಟ್ ಮಾಡುತ್ತಿರುತ್ತಾರೆ. "ಇವತ್ತು ಏನು ಕಲಿತೆ?" ಅಂದರೆ ಮಗು ಉತ್ತರ ಹೇಳದೇ ಇರಬಹುದು. "ಇವತ್ತು ಏನು ಮಾಡಿದೆ?" ಅಂತ ಕೇಳಿ, ಮಾತು ನಿಲ್ಲಿಸುವುದಿಲ್ಲ.

ಹುಡುಕುವುದು ಕಷ್ಟವಲ್ಲ. ಮೊದಲು ಲೈಬ್ರರಿಗೆ ಹೋಗಿ, ಹದಿಹರೆಯದವರ ವಿಭಾಗ ಎಲ್ಲಿದೆ ಅಂತ ಕೇಳಿ. ಶಿಕಾಗೋದ ಹೆರಾಲ್ಡ್ ವಾಷಿಂಗ್ಟನ್ ಲೈಬ್ರರಿಯಲ್ಲಿ 2009ರಲ್ಲಿ ಯೂಮೀಡಿಯಾ ಅನ್ನುವ ಜಾಗ ತೆರೆದ ಮೇಲೆ ಬೇರೆ ಊರುಗಳೂ ಆ ದಾರಿ ಹಿಡಿದವು. ಬೆಸ್ಟ್ ಬೈ ಕಂಪನಿಯ ನೆರವಿನ ಟೀನ್ ಟೆಕ್ ಸೆಂಟರ್‌ಗಳೂ ಹಲವು ಊರಲ್ಲಿವೆ. ಶಾಲೆಗಳಲ್ಲೇ ನಡೆಯುವ ಕೆಲವು ಸಂಜೆಯ ಕಾರ್ಯಕ್ರಮಗಳಿಗೆ 21ನೇ ಶತಮಾನದ ಕಲಿಕಾ ಕೇಂದ್ರಗಳು ಅನ್ನುವ ಕೇಂದ್ರ ಸರ್ಕಾರದ ಯೋಜನೆಯಿಂದ ದುಡ್ಡು ಬರುತ್ತದೆ. ಅದರ ವಿವರ ಶಾಲೆಯ ಆಫೀಸಿನಲ್ಲೇ ಸಿಗುತ್ತದೆ. ಏನೂ ತೋಚದಿದ್ದರೆ ಫೋನಿನಲ್ಲಿ 211 ಒತ್ತಿ. ದೇಶದ ಬಹುತೇಕ ಕಡೆ ಈ ನಂಬರು ಸ್ಥಳೀಯ ನೆರವಿನ ಮಾಹಿತಿ ಕೊಡುತ್ತದೆ.

ಸೇರುವಾಗ ಒಂದಷ್ಟು ಕಾಗದ ತುಂಬಬೇಕು. ತಂದೆ ಅಥವಾ ತಾಯಿಯ ಸಹಿ, ತುರ್ತಿಗೆ ಎರಡು ಫೋನ್ ನಂಬರು, ಅಲರ್ಜಿ ವಿವರ, ಮಗುವನ್ನು ಕರೆದುಕೊಂಡು ಹೋಗಲು ಯಾರು ಬರಬಹುದು ಅನ್ನುವ ಪಟ್ಟಿ. ಈ ಪಟ್ಟಿಯನ್ನು ಹಗುರವಾಗಿ ತಗೋಬೇಡಿ. ಅದರಲ್ಲಿ ಹೆಸರಿಲ್ಲದಿದ್ದರೆ ಊರಿಂದ ಬಂದ ಅಜ್ಜನೇ ಬಂದು ನಿಂತರೂ ಮಗುವನ್ನು ಕಳಿಸುವುದಿಲ್ಲ. ಫೋಟೋ, ವಿಡಿಯೋ ಬಳಸಲು ಒಪ್ಪಿಗೆ ಕೇಳುವ ಹಾಳೆಯೂ ಇರುತ್ತದೆ. ಅದಕ್ಕೆ ಬೇಡ ಅನ್ನಬಹುದು. ಮಗು 13 ವರ್ಷಕ್ಕಿಂತ ಚಿಕ್ಕದಾದರೆ ವೆಬ್‌ಸೈಟುಗಳು ಅದರ ಮಾಹಿತಿ ಪಡೆಯಲು ಪೋಷಕರ ಒಪ್ಪಿಗೆ ಬೇಕೆಂದು 1998ರ ಕಾನೂನೇ ಹೇಳುತ್ತದೆ. ಹಾಗಾಗಿ ಅಕೌಂಟುಗಳಿಗೆ ಬೇರೆ ಸಹಿ ಕೇಳಿದರೆ ಗಾಬರಿ ಬೇಡ.

ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹತೆ ಇದೆಯೇ ಅಂತ ಫಾರ್ಮಿನಲ್ಲಿ ಒಂದು ಪ್ರಶ್ನೆ ಇದ್ದರೂ ಇರಬಹುದು. ನಮ್ಮವರು ಅವಮಾನ ಅಂದುಕೊಳ್ಳುವುದು ಇದನ್ನೇ. ಹಾಗೇನೂ ಇಲ್ಲ. ಕುಟುಂಬದ ಆದಾಯವನ್ನು ಅಂದಾಜು ಮಾಡುವ ಇಲ್ಲಿನ ಸಾಮಾನ್ಯ ಅಳತೆ ಅದು. ಆದಾಯ ಬಡತನ ರೇಖೆಯ 185 ಶೇಕಡಾ ಒಳಗಿದ್ದರೆ ಊಟಕ್ಕೆ ರಿಯಾಯಿತಿ, 130ರ ಒಳಗಿದ್ದರೆ ಉಚಿತ. ಕೇಂದ್ರಕ್ಕೆ ಹಣ ಕೊಡುವವರು ಈ ಲೆಕ್ಕ ಕೇಳುತ್ತಾರೆ. ನಿಜ ಇದ್ದದ್ದನ್ನು ಬರೆಯಿರಿ.

ನನ್ನ ಅಭಿಪ್ರಾಯ ಒಂದಿದೆ, ಹೇಳಿಬಿಡುತ್ತೇನೆ. ಲೈಬ್ರರಿಯ ಜಾಗ ಎಲ್ಲರದ್ದು, ಯಾರು ಬೇಕಾದರೂ ಹೋಗಲಿ. ಆದರೆ ಇಷ್ಟೇ ಸೀಟು, ಅನುಕೂಲವಿಲ್ಲದ ಮಕ್ಕಳಿಗೆ ಮೊದಲು ಅಂತ ನಡೆಸುವ ಕಾರ್ಯಕ್ರಮಕ್ಕೆ, ಮನೆಯಲ್ಲಿ ತಲೆಗೊಂದು ಲ್ಯಾಪ್‌ಟಾಪ್ ಇರುವವರು ನುಗ್ಗಬಾರದು. ಕಾಲೇಜು ಅರ್ಜಿಗೆ ಚೆನ್ನಾಗಿ ಕಾಣುತ್ತದೆ ಅಂತ ಆ ಸೀಟು ಹಿಡಿಯುವುದು ಸರಿಯಲ್ಲ. ಅಂಥ ಮನೆಯ ದೊಡ್ಡ ಮಕ್ಕಳು ಅಲ್ಲೇ ಚಿಕ್ಕವರಿಗೆ ನೆರವಾಗಬಹುದು. ಮೇರಿಲ್ಯಾಂಡ್‌ನಲ್ಲಂತೂ ಹೈಸ್ಕೂಲ್ ಮುಗಿಸಲು 75 ಗಂಟೆ ಸೇವೆ ಬೇಕೇ ಬೇಕು. ಆ ಗಂಟೆಗಳನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಕಡೆ ಎಲ್ಲಿದೆ?

ಎಚ್-4 ವೀಸಾದ, ಅಂದರೆ ಎಚ್-1ಬಿಯಂಥ ಕೆಲಸದ ವೀಸಾದಲ್ಲಿ ಬಂದವರ ಮಕ್ಕಳು ಇಲ್ಲಿ ಕಲಿಯಬಹುದು. ತೊಡಕು ಬರುವುದು ದುಡ್ಡು ಸಿಗುವ ಕಡೆ. ಕೆಲವು ಕೇಂದ್ರಗಳು ಹೈಸ್ಕೂಲ್ ಮಕ್ಕಳಿಗೆ ಬೇಸಿಗೆಯಲ್ಲಿ ಸಂಬಳದ ಇಂಟರ್ನ್‌ಶಿಪ್ ಕೊಡಿಸುತ್ತವೆ. ನ್ಯೂಯಾರ್ಕ್ ನಗರದ ಬೇಸಿಗೆ ಉದ್ಯೋಗ ಯೋಜನೆ 14ರಿಂದ 24 ವರ್ಷದವರಿಗೆ ಇದೆ. ಇಂಥವಕ್ಕೆ ಕೆಲಸ ಮಾಡಲು ಕಾನೂನಿನ ಅನುಮತಿ ಬೇಕು. ಎಚ್-4 ಮಕ್ಕಳಿಗೆ ಅದಿಲ್ಲ. ಸ್ಟೈಪೆಂಡ್ ಅಂತ ಹೆಸರಿಟ್ಟ ಮಾತ್ರಕ್ಕೆ ಈ ತೊಡಕು ತಪ್ಪುವುದಿಲ್ಲ. ಬೇರೆಯವರು ಸಂಬಳಕ್ಕೆ ಮಾಡುವ ಅದೇ ಕೆಲಸವನ್ನು ನಮ್ಮ ಮಗು ಬಿಟ್ಟಿ ಮಾಡುತ್ತದೆ ಅನ್ನುವುದೂ ಬೇಡ, ಅದರಿಂದಲೂ ಪೇಚು. ಮಗು ಆಸೆ ಕಟ್ಟಿಕೊಳ್ಳುವ ಮುಂಚೆಯೇ ಕೇಂದ್ರದವರಿಗೆ ವಿಷಯ ತಿಳಿಸಿ. ಎಚ್-4ನಲ್ಲಿ ಕೆಲಸದ ಅನುಮತಿ ಇಲ್ಲದೆ ಮನೆಯಲ್ಲಿರುವ ಅಮ್ಮಂದಿರಿಗೂ ಇದೇ ಲೆಕ್ಕ. ಯಾವಾಗಲೂ ಸಂಬಳವಿಲ್ಲದೆ, ಸ್ವಯಂಸೇವಕರೇ ಮಾಡುವ ಕೆಲಸಕ್ಕೆ ಕೈಜೋಡಿಸಬಹುದು. ಪ್ರತಿಫಲ ತಗೋಬಾರದು. ಅನುಮಾನ ಇದ್ದರೆ ವಕೀಲರನ್ನೇ ಕೇಳಿ, ವಾಟ್ಸ್ಯಾಪ್ ಗ್ರೂಪನ್ನಲ್ಲ.

ಈ ಕೇಂದ್ರಗಳಿಗೆ ನಮ್ಮವರು ಬೇಕಾಗಿದ್ದಾರೆ. ಆದರೆ ನಮ್ಮ ಕಲಿಸುವ ರೀತಿ ಒಂಚೂರು ಬದಲಾಗಬೇಕು. ಒಂದು ಕಡೆ ನಾನು ಕಂಡಿದ್ದು ಹೇಳುತ್ತೇನೆ. ಹುಡುಗಿಯೊಬ್ಬಳು ಸ್ಕ್ರ್ಯಾಚ್‌ನಲ್ಲಿ ಆಟ ಮಾಡುತ್ತಿದ್ದಳು. ಚೆಂಡು ಬುಟ್ಟಿಗೆ ಬಿದ್ದರೆ ಒಂದು ಪಾಯಿಂಟ್ ಬರಬೇಕು. ಬರುತ್ತಿದ್ದದ್ದು ಇಪ್ಪತ್ತೋ ಮೂವತ್ತೋ. ಪಕ್ಕದಲ್ಲಿದ್ದ ನಮ್ಮ ಎಂಜಿನಿಯರ್‌ಗೆ ಕ್ಷಣದಲ್ಲಿ ಹೊಳೆಯಿತು: ಚೆಂಡು ಬುಟ್ಟಿಯನ್ನು ಮುಟ್ಟಿಕೊಂಡಿರುವಷ್ಟು ಹೊತ್ತೂ ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಬ್ಲಾಕ್, ಪಾಯಿಂಟ್ ಸೇರಿಸುತ್ತಲೇ ಇದೆ. ಅವರ ಕೈ ಮೌಸ್ ಕಡೆ ಹೋಯಿತು. ಕೇಂದ್ರದ ಕೋಆರ್ಡಿನೇಟರ್ ಮೆಲ್ಲಗೆ ತಡೆದು, "ಚೆಂಡು ಬುಟ್ಟಿಯಲ್ಲಿ ಎಷ್ಟು ಹೊತ್ತು ಇರುತ್ತೆ?" ಅಂತ ಹುಡುಗಿಯನ್ನು ಕೇಳಿದರು. ಅವಳು ಮತ್ತೆ ಓಡಿಸಿದಳು, ಇನ್ನೊಮ್ಮೆ ಓಡಿಸಿದಳು. ಆಮೇಲೆ ಚೆಂಡು ಮುಟ್ಟಿದ ಕೂಡಲೇ ಅದನ್ನು ಮೇಲಕ್ಕೆ ಕಳಿಸುವ ಬ್ಲಾಕ್ ತಾನೇ ಎಳೆದು ಜೋಡಿಸಿದಳು. ಮಗುವಿನ ಮೌಸ್ ಮುಟ್ಟಬೇಡಿ. ಈ ಒಂದನ್ನು ನೆನಪಿಟ್ಟರೆ ಸಾಕು, ಉಳಿದದ್ದು ಬರುತ್ತದೆ.

ಸ್ವಯಂಸೇವಕರಾಗಲು ಬ್ಯಾಕ್‌ಗ್ರೌಂಡ್ ಚೆಕ್, ಅಂದರೆ ನಿಮ್ಮ ಹಿನ್ನೆಲೆಯ ಪರಿಶೀಲನೆ, ಇರುತ್ತದೆ. ಕೆಲವು ಕಡೆ ಬೆರಳಚ್ಚು ತಗೋತಾರೆ, ಪರಿಚಯದ ಇಬ್ಬರ ಹೆಸರು ಕೇಳುತ್ತಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಒಂದೇ ಮಗುವಿನ ಜೊತೆ ಇರುವಂತಿಲ್ಲ. ಮಕ್ಕಳ ಫೋನ್ ನಂಬರ್ ತಗೊಳ್ಳುವುದು, ಕಾರಲ್ಲಿ ಮನೆಗೆ ಬಿಡುವುದು ಬೇಡವೇ ಬೇಡ. ಊರಲ್ಲಿ ಪ್ರೀತಿಯಿಂದ ಮಾಡುವ ಇಂಥ ಉಪಕಾರಕ್ಕೆ ಇಲ್ಲಿ ಜಾಗವಿಲ್ಲ. ಇದು ನಿಮ್ಮ ಮೇಲಿನ ಅನುಮಾನ ಅಲ್ಲ, ಎಲ್ಲ ಮಕ್ಕಳ ರಕ್ಷಣೆಗೆ ಮಾಡಿದ ನಿಯಮ. ಮತ್ತೆ, ವಾರಕ್ಕೆ ಒಂದೇ ಸಂಜೆ ಆದರೂ ತಪ್ಪದೆ ಹೋಗಿ. ನಾಲ್ಕು ವಾರ ಜೋರಾಗಿ ಬಂದು ಮಾಯವಾಗುವ ದೊಡ್ಡವರನ್ನು ಈ ಮಕ್ಕಳು ಜಾಸ್ತಿನೇ ನೋಡಿದ್ದಾರೆ.

ಈಗ ಹಣದ ಬಿಕ್ಕಟ್ಟೂ ಇದೆ. ಬಡ ಕುಟುಂಬಗಳ ಇಂಟರ್ನೆಟ್ ಬಿಲ್ಲಿಗೆ ತಿಂಗಳಿಗೆ 30 ಡಾಲರ್‌ವರೆಗೆ ಕೊಡುತ್ತಿದ್ದ ಕೇಂದ್ರ ಸರ್ಕಾರದ ಯೋಜನೆ 2024ರಲ್ಲಿ ಹಣ ಮುಗಿದು ನಿಂತಿತು. ಮನೆಯಲ್ಲಿ ಇಂಟರ್ನೆಟ್ ಇಲ್ಲದ ಮಗುವಿಗೆ ಲೈಬ್ರರಿಯ ಆ ಕುರ್ಚಿಯೇ ಹೋಮ್‌ವರ್ಕ್ ಮಾಡುವ ಜಾಗ. ನಿಮ್ಮ ಕಂಪನಿಯಲ್ಲಿ ಸ್ವಯಂಸೇವೆಯ ಗಂಟೆಗೆ ಇಷ್ಟು ಅಂತ ಸಂಸ್ಥೆಗೆ ದುಡ್ಡು ಕೊಡುವ ಪದ್ಧತಿ ಇದೆಯೇ ಅಂತ ಎಚ್‌ಆರ್‌ನಲ್ಲಿ ವಿಚಾರಿಸಿ. ಹಲವು ಕಂಪನಿಗಳಲ್ಲಿ ಇದೆ, ಕೇಳುವವರೇ ಕಡಿಮೆ.

ಬ್ಯಾಕ್‌ಗ್ರೌಂಡ್ ಚೆಕ್‌ಗೆ ಕೆಲವು ವಾರ ಹಿಡಿಯಬಹುದು. ಸೆಪ್ಟೆಂಬರ್‌ನಿಂದ ಹೋಗಬೇಕು ಅಂತಿದ್ದರೆ ಜುಲೈನಲ್ಲೇ ಅರ್ಜಿ ಹಾಕಿ. ಮಕ್ಕಳ ಬೇಸಿಗೆ ಕಾರ್ಯಕ್ರಮಗಳ ಸೀಟು ಇನ್ನೂ ಬೇಗ ತುಂಬುತ್ತವೆ. ಚಳಿಗಾಲದಲ್ಲೇ ವಿಚಾರಿಸಿ, ಸಿಗದಿದ್ದರೆ ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ ಬನ್ನಿ.